ದಾಸವಾಳದ ಕಡ್ಡಿ, ಅತ್ತೆಯ ಕೀಲಿಕೈ

ನಮ್ಮ ಮನೆಗೆ ದಾಸವಾಳ ಹತ್ತುವುದಿಲ್ಲ ಎಂದು ಸಾರಿದವಳು ನನ್ನ ಸೋದರತ್ತೆ ಕಾಶಮ್ಮ. ನಮ್ಮ ವಂಶಕ್ಕೆ ಡಿಗ್ರಿ ಹತ್ತುವುದಿಲ್ಲ ಎಂದು ಸಾರಿದ್ದೂ ಇದೇ ಬಾಯಿ. ಆ ಎರಡನೆಯ ಮಾತನ್ನು ನಾನು ನಮ್ಮೂರು ಮಟಕಿಯಿಂದ ಆಳಂದದ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಓಡಾಡಿ, ರಸಾಯನಶಾಸ್ತ್ರದಲ್ಲಿ ಎರಡು ಸಲ ಬಿದ್ದು ಎದ್ದು ಸುಳ್ಳು ಮಾಡಿದೆ. ಮನೆಯ ಮೊದಲ ಪದವೀಧರೆ, ಅದೂ ಸಸ್ಯಶಾಸ್ತ್ರದಲ್ಲಿ! ಪದವಿಪತ್ರ ಬಂದ ವಾರವೇ ಅತ್ತೆ ಅದನ್ನು ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು, ಟ್ರಂಕಿಗೆ ಕೀಲಿ ಜಡಿದು, ಕೀಲಿಕೈ ಸೊಂಟಕ್ಕೆ ಸಿಗಿಸಿಕೊಂಡಳು. ನಾನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆನಂತೆ. ಶುದ್ಧ ಸುಳ್ಳು. ಏಳೆಂಟು ಸಲ ಅಷ್ಟೆ.

ಅಷ್ಟರಲ್ಲಿ ಜೇವರ್ಗಿಯ ಶಾಲೆಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಎರಡು ತಿಂಗಳ ಗಡುವು, ಮೂಲ ಪದವಿಪತ್ರ ಕಡ್ಡಾಯ. ಅತ್ತೆಗೋ ಬೇರೆಯೇ ಸಂಕಟ. ದಿನಾ ಲಿಂಗಪೂಜೆಗೆ ಪಕ್ಕದ ಮನೆಯ ಕೆಂಪು ದಾಸವಾಳ ಬೇಡಬೇಕು, ಆ ಮನೆಯಾಕೆ ಹೂವಿನ ಜೊತೆ ಒಂದು ಮಾತನ್ನೂ ಕೊಡುತ್ತಿದ್ದಳು: “ನಿಮ್ಮನ್ಯಾಗ ಗಿಡದ ಡಿಗ್ರಿ ಮಾಡಿದಾಕಿ ಅದಾಳಲ್ರಿ?”

ಅತ್ತೆ ನನಗೆ ಷರತ್ತು ಹಾಕಿದಳು. “ಮೊದಲ ಒಂದ್ ಕಡ್ಡಿ ಚಿಗುರಿಸು ಬೇ. ಆಮ್ಯಾಲ ನಿನ್ನ ಕಾಗದ ಒಯ್ಯಿ.”

ಅಫಜಲಪುರದ ಗೆಳತಿ ರುಕ್ಸಾನಾಳ ಅಂಗಳದಿಂದ ಆರು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಎಲೆ ಸವರಿ, ಬಚ್ಚಲ ಕಟ್ಟೆಯ ಮೇಲೆ ಚೊಂಬಿನ ನೀರಿನಲ್ಲಿ ನಿಲ್ಲಿಸಿದೆ. ಅದೇ ಕಟ್ಟೆಯ ಮೇಲೆ ಅಪ್ಪ ಹಲ್ಲುಜ್ಜುವ ಬೇವಿನ ಕಡ್ಡಿಗಳನ್ನು ನೆನೆಹಾಕುತ್ತಾನೆಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅಪ್ಪ ಬೇಸರದಿಂದ ಉಗುಳಿ, “ಈ ಸಲದ ಬೇವಿಗೆ ಕಹಿನೇ ಇಲ್ಲ ನೋಡವ್ವ. ಬಾಯೆಲ್ಲಾ ಲೋಳಿ ಲೋಳಿ,” ಎಂದ. ಓಡಿಹೋಗಿ ನೋಡಿದರೆ ಎರಡೇ ಕಡ್ಡಿ ಉಳಿದಿದ್ದವು.

ಅವನ್ನು ತಳಕ್ಕೆ ತೂತು ಹೊಡೆದ ಎರಡು ಡಬ್ಬಿಗಳಲ್ಲಿ, ಮರಳಿನಲ್ಲಿ ನೆಟ್ಟು ಪ್ಲಾಸ್ಟಿಕ್ ಚೀಲ ಹೊದಿಸಿದೆ. ಇನ್ನು ಮಾಡಬೇಕಾದ್ದು ಒಂದೇ, ಮುಟ್ಟದೆ ಇರುವುದು. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ತೆಗೆದವಳು ನಾನು. ಆದರೂ ದಿನಾ ಒಂದನ್ನು ಕಿತ್ತು, ಬೇರು ಬಂತೇ ಎಂದು ನೋಡಿ, ಮತ್ತೆ ಊರುತ್ತಿದ್ದೆ. ವಾರದಲ್ಲಿ ಅದು ಕಪ್ಪಾಗಿ ಕೊಳೆಯಿತು. ಇನ್ನೊಂದಕ್ಕೆ ಕೈ ಹಾಕಬೇಕೆಂದು ಹೋದರೆ ಡಬ್ಬಿಯೇ ಮಾಯ. ನಾನು ಅಪ್ಪನ ಮುಖ ನೋಡಿದೆ. ಅವನು ಬಾಯಿ ಅಗಲಿಸಿ ತೋರಿಸಿ, ತಾನು ಬೇವಿನ ಕಡ್ಡಿ ಬಿಟ್ಟು ಹಲ್ಲುಪುಡಿ ಹಿಡಿದು ಎಷ್ಟೋ ದಿನವಾಯಿತು ಎಂದು ಆಣೆ ಮಾಡಿದ.

ಸಂದರ್ಶನದ ಹಿಂದಿನ ದಿನ ಅಳುಮೋರೆ ಹಾಕಿಕೊಂಡು ಕೂತಿದ್ದೆ. ಅತ್ತೆ ಮಾಳಿಗೆಯ ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದಳು. ಕೈಯಲ್ಲಿ ಅದೇ ಡಬ್ಬಿ! ಕಡ್ಡಿಯ ತುದಿಯಲ್ಲಿ ಮೂರು ಎಳೆಯ ಎಲೆ, ತಳದ ತೂತಿನಲ್ಲಿ ಇಣುಕುವ ಬಿಳಿ ಬೇರು. ನನ್ನ ಕೈಗೆ ಸಿಗಬಾರದೆಂದೇ ಮೇಲೆ ನೆರಳಿನಲ್ಲಿ ಬಚ್ಚಿಟ್ಟು, ನೋಯುವ ಮೊಣಕಾಲಿನಲ್ಲೇ ದಿನಾ ಹತ್ತಿ ನೀರು ಹಾಕಿದ್ದಳಂತೆ. ನೆಟ್ಟವಳು ನಾನೇ ಆದ್ದರಿಂದ ಪಾಸು ಎಂದಳು. ಟ್ರಂಕು ತೆರೆದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಪದವಿಪತ್ರ ನನ್ನ ಕೈಗಿಟ್ಟಳು.

“ತಗೋ ಯವ್ವಾ, ಹೋಗಿ ಬಾ. ಬಸ್ಸಿನಾಗ ಮಾತ್ರ ಘಳಿಗೆಗೊಮ್ಮೆ ತಗದ್ ನೋಡಬ್ಯಾಡ. ಇದೂ ಬೇರು ಬಿಡ್ಲಿ.”