ಕೆಟ್ಟ ಬೆಲ್ಲ ತೋರ್ಸು

ನಮ್ಮ ಕಂಪನಿಯ ಕಂಪ್ಯೂಟರಿಗೆ ಚಿಪ್ ಯಾರು ಮಾಡಿಕೊಡಬೇಕೆಂದು ತೀರ್ಮಾನಿಸಿದ್ದು ಮದ್ದೂರು ಕಡೆಯ ಕೊಪ್ಪದಲ್ಲಿ ಕಬ್ಬು ಬೆಳೆಯುತ್ತಿದ್ದ ನನ್ನ ಸೋದರಮಾವ. ನೀವು ನಂಬುವುದಿಲ್ಲ, ಗೊತ್ತು. ನನಗೂ ಪೂರ್ತಿ ನಂಬಿಕೆಯಿಲ್ಲ. ಸಾಕ್ಷಿಯಿಲ್ಲದೆ ಏನನ್ನೂ ಒಪ್ಪಬೇಡ ಎಂದು ವಿಶ್ವವಿದ್ಯಾಲಯ ಕಲಿಸಿತು. ಇಲ್ಲಿ ಸಾಕ್ಷಿ ಎಂದರೆ ನನ್ನ ನೆನಪೊಂದೇ. ಅದಕ್ಕೋ ಸುಳ್ಳು ಹೇಳುವ ಚಟ.

ಮಾವನದೊಂದು ವಿಚಿತ್ರ ಪದ್ಧತಿ. ಯಾರ ಹತ್ತಿರ ಹೋದರೂ ಅವರ ಒಳ್ಳೆಯ ಮಾಲನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಬ್ಬು ಅರೆಸಲು ಆಲೆಮನೆ ಹುಡುಕಿಕೊಂಡು ಚಿಕ್ಕರಸಿನಕೆರೆ ಕಡೆ ಹೊರಟಾಗ ಬೈಕಿನ ಹಿಂದೆ ನಾನಿದ್ದೆ. ಆಲೆಮನೆಯವನು ಚಿನ್ನದ ಬಣ್ಣದ ಅಚ್ಚುಬೆಲ್ಲ ತಂದಿಟ್ಟ.

“ಇದು ಅಂಗಿರ್ಲಿ. ಕೆಟ್ಟೋಗಿದ್ದು ತೋರ್ಸು ಕಣ್ಲಾ.”

“ನಮ್ಮಲ್ಲಿ ಕೆಡೋ ಮಾತೇ ಇಲ್ಲ ಕಣಣ್ಣ.”

“ಅಂಗಾದ್ರೆ ನೀನು ಬೆಲ್ಲ ಮಾಡೇ ಇಲ್ಲ ಬುಡು,” ಎಂದು ಮಾವ ಬೈಕು ತಿರುಗಿಸಿದ.

ಮುಂದಿನ ಆಲೆಮನೆಯವನು ನಾಚಿಕೊಂಡು ಮೂಲೆಯಿಂದ ಸೀದು ಕರ್ರಗಾದ ಮುದ್ದೆಯೊಂದನ್ನು ಎತ್ತಿ ತಂದ. ಬೆಂಕಿ ಜಾಸ್ತಿಯಾಯಿತು, ಇಳಿಸುವುದು ತಡವಾಯಿತು ಎಂದ. ಮಾವ ಅದನ್ನು ಮೂಸಿ ನೋಡಿ, “ಸರಿ ಬುಡು” ಎಂದು ಅಲ್ಲೇ ಮಾತು ಕೊಟ್ಟ.

ಬೆಲ್ಲಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಳವಳ್ಳಿಯಿಂದ ನನ್ನ ತಂಗಿಗೆ ಗಂಡು ಬಂದಾಗಲೂ ಕೇಳಿದ: “ಉಡುಗ ಪೇಲಾಗಿದ್ರೆ ಆ ಮಾರ್ಕ್ಸ್‌ಕಾರ್ಡು ಕೊಡಿ.” ಅಮ್ಮ ಒಳಗೆ ಹಣೆ ಚಚ್ಚಿಕೊಂಡಳು. ಹುಡುಗ ಮಾತ್ರ ತಲೆ ತಗ್ಗಿಸದೆ, “ಗಣಿತ, ಎರಡು ಸಲ” ಎಂದ. ಮದುವೆಯಾಯಿತು. (ಈಗ ಅವನು ಪೂರಿಗಾಲಿಯಲ್ಲಿ ಗಣಿತದ ಮೇಷ್ಟ್ರು!)

ಗಂಡಿನ ಕಡೆಯವರು ಬಂದು ಹೋದ ಸಂಜೆಯೇ ಮಾವ ನನ್ನತ್ತ ತಿರುಗಿದ. “ನಿಂದ್ಯಾವ್ದಾರ ಐತೇನ್ಲಾ?”

“ಇಲ್ಲ ಮಾವ, ಎಲ್ಲ ಪಾಸು.”

ಮಾವ ಎಲೆಅಡಿಕೆಗೆ ಕೈ ಹಾಕಿದ. ಆಮೇಲೂ ವರ್ಷಕ್ಕೊಮ್ಮೆ ಕೇಳುತ್ತಿದ್ದ. ನನ್ನದು ಅದೇ ಉತ್ತರ.

ಮುಂದೆ ನಾನು ಕಂಪ್ಯೂಟರ್ ತಯಾರಿಸುವ ಸಣ್ಣ ಕಂಪನಿ ಸೇರಿದೆ. ಚಿಪ್‌ನ ನಕ್ಷೆ ನಾವು ಬರೆಯುತ್ತೇವೆ, ಮಾಡಿಕೊಡುವ ಕಾರ್ಖಾನೆ ಬೇರೆಯವರದು. ಅವರ ಯಂತ್ರಕ್ಕೆ ತಕ್ಕಂತೆ ನಕ್ಷೆ ಬರೆದ ಮೇಲೆ ನಡುವೆ ಬಿಟ್ಟು ಹೋಗುವಂತಿಲ್ಲ. ಮೂರು ಕಾರ್ಖಾನೆಗಳಲ್ಲಿ ಒಂದನ್ನು ನಾನು ಆರಿಸಬೇಕಿತ್ತು. ನಿದ್ದೆಗೆಟ್ಟು ಊರಿಗೆ ಬಂದು ಮಾವನಿಗೆ ವಿವರಿಸಿದೆ.

“ಕಬ್ಬು ನಿಮ್ದು, ಆಲೆಮನೆ ಅವರ್ದು. ಅಷ್ಟೇ ತಾನೆ?”

“ಅಷ್ಟೇ ಅಲ್ಲ ಮಾವ,” ಎಂದು ಅರ್ಧ ಗಂಟೆ ಹೇಳಿದೆ.

“ಅಷ್ಟೇ ಬುಡ್ಲಾ. ಕೆಟ್ಟಿದ್ದು ತೋರ್ಸು ಅನ್ನು.”

ಕೇಳಿದೆ. ಒಬ್ಬರು ತಮ್ಮ ಕಾರ್ಖಾನೆಯನ್ನು ಹೊಗಳುವ ಬಣ್ಣದ ಪುಸ್ತಕ ಕೊಟ್ಟರು. ಇನ್ನೊಬ್ಬರು ಊಟಕ್ಕೆ ಕರೆದರು. ಮೂರನೆಯವರು ಕೆಟ್ಟ ಚಿಪ್‌ಗಳ ತಟ್ಟೆಯನ್ನೇ ಮೇಜಿನ ಮೇಲಿಟ್ಟು, ಯಾವುದು ಯಾಕೆ ಕೆಟ್ಟಿತೆಂದು ಒಂದೊಂದಾಗಿ ಹೇಳಿದರು. ಅವರಿಗೇ ಕೊಟ್ಟೆವು. ಕಂಪ್ಯೂಟರ್ ಇಂದಿಗೂ ಓಡುತ್ತಿದೆ.

ಆದರೆ ಆ ಮಾತನ್ನು ಮಾವ ನಿಜವಾಗಿ ಆಡಿದನೇ? ಆಲೆಮನೆಯ ಮಾತನ್ನು ನಾನೇ ಕಿತ್ತು ತಂದು ಇಲ್ಲಿಗೆ ಅಂಟಿಸಿಕೊಂಡೆನೇ? ಅವನನ್ನೇ ಕೇಳೋಣವೆಂದರೆ ಅವನು ಹೋಗಿ ಎರಡು ವರ್ಷ. ಮೊನ್ನೆ ಕೊಪ್ಪಕ್ಕೆ ಹೋಗಿ ಅತ್ತೆಯನ್ನು ಕೇಳಿದೆ. ಹಾಲಿನ ಕ್ಯಾನು ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ.

“ಅದ್ಯಾವ್ದೂ ನಂಗೊತ್ತಿಲ್ಲ ಕಣಪ್ಪ. ನೀನು ಕಾಲೇಜಲ್ಲಿ ಎರಡ್ನೇ ವರ್ಸ ಪೇಲಾಗಿದ್ದು ಮಾತ್ರ ಅವ್ರಿಗೆ ಗೊತ್ತಿತ್ತು. ನಿಮ್ ಮೇಷ್ಟ್ರೇ ಮದ್ದೂರು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿ ಯೋಳಿದ್ರಂತೆ.”

“ಗೊತ್ತಿದ್ದೂ ಯಾಕೆ ಕೇಳ್ತಿದ್ದ ಅತ್ತೆ?”

“ಯಾವತ್ತಾರ ಒಂದಿನ ನೀನೇ ತೋರುಸ್ತೀಯ ಅಂತ.”

ಆ ಅಂಕಪಟ್ಟಿ ಈಗಲೂ ನನ್ನ ಬೀರುವಿನಲ್ಲಿದೆ. ಭೌತಶಾಸ್ತ್ರ, ಹತ್ತೊಂಬತ್ತು. ಇದಕ್ಕೆ ನನ್ನ ನೆನಪಿನ ಸಾಕ್ಷಿ ಬೇಕಿಲ್ಲ. ಇದನ್ನು ಕೈಗೆ ತೆಗೆದುಕೊಂಡು, ಒಮ್ಮೆ ಮೂಸಿ ನೋಡಿ, “ಸರಿ ಬುಡು” ಎನ್ನುವವನು ಬೇಕು.