ಶೇಂಗಾ ಹೊಟ್ಟಿನ ಆಫೀಸು

ಬಿ.ಎಡ್. ಮುಗಿಸಿ ಮೂರು ವರ್ಷ ಮನೆಯಲ್ಲಿ ಕೂತಿದ್ದ ನನ್ನಿವಾಳದ ರವಿಕಿರಣನಿಗೆ ಕೊನೆಗೂ ಒಂದು ಕೆಲಸ ಸಿಗುವ ಹಾಗಿತ್ತು. ಆನ್‌ಲೈನ್ ಪಾಠ ಹೇಳಿಸುವ ಕಂಪನಿಯೊಂದು ಇವನ ಒಂದು ಪಾಠ ನೋಡಿ ತೀರ್ಮಾನಿಸುತ್ತೇವೆ ಎಂದಿತ್ತು. ಮಿಕ್ಸಿ, ಟಿ.ವಿ., ಅವ್ವ ಚಿನ್ನಕ್ಕ ಮೂರೂ ಒಟ್ಟಿಗೆ ಮಾತಾಡುವ ಮನೆಯಲ್ಲಿ ಪಾಠ ಆಗದ ಮಾತು. ಹಾಗಾಗಿ ಹಿತ್ತಲಲ್ಲಿ ಆಫೀಸಿಗೆಂದೇ ಒಂದು ತಗಡಿನ ಕೋಣೆ ಎದ್ದಿತು.

ಅದರ ನೆಲಕ್ಕೆ ಬಂಡೆ ಹಾಸಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ರವಿಕಿರಣ ವಿಡಿಯೊ ನೋಡಿ ಕಲಿಯುವ ಬುದ್ಧಿವಂತ. ಹಿಮ ಬೀಳುವ ಯಾವುದೋ ದೇಶದಲ್ಲಿ ಸ್ವೆಟರ್ ತೊಟ್ಟವನೊಬ್ಬ ತೊಲೆ ಜೋಡಿಸಿ, ನಡುವಿನ ಖಾನೆಗಳಿಗೆ ಉಣ್ಣೆ ತುಂಬಿ, ಮೇಲೆ ಹಲಗೆ ಬಡಿದು ಮರದ ನೆಲ ಮಾಡಿದ್ದ. ಶಾಖ ಆ ಕಡೆಯಿಂದ ಈ ಕಡೆ ದಾಟುವುದಿಲ್ಲವಂತೆ. ಏಪ್ರಿಲ್‌ನಲ್ಲಿ ನೆಲದ ಮೇಲೇ ಹಪ್ಪಳ ಸುಡಬಹುದಾದ ಊರಿಗೆ ಇದೇ ಸರಿ ಎಂದುಕೊಂಡ. ಉಣ್ಣೆಯ ಬದಲು ಚಳ್ಳಕೆರೆಯ ಎಣ್ಣೆ ಮಿಲ್ಲಿನಿಂದ ಶೇಂಗಾ ಹೊಟ್ಟು ಬಂತು.

“ನೆಲಕ್ಕೆ ಹಾಸಿಗೆ ಹಾಸೋರ್ನ ಇವತ್ತೇ ನೋಡಿದ್ದು ಮೇಷ್ಟ್ರೇ,” ಎಂದ ಬಡಗಿ ಜುಂಜಪ್ಪ. ತೊಲೆ ಕೂರಿಸಿ, ಹೊಟ್ಟು ತುಂಬಿ, “ಹಲಗೆ ನಾಳೆ ಬಡಿತೀನಿ,” ಎಂದು ಹೋದ ಪುಣ್ಯಾತ್ಮ ಮತ್ತೆ ಮುಖ ತೋರಿಸಿದ್ದು ಇಪ್ಪತ್ತು ದಿನದ ಮೇಲೆ, ಸರಿಯಾಗಿ ಪಾಠದ ದಿನ. ಬಗ್ಗಿ ನೋಡುವ ಕೆಟ್ಟ ಅಭ್ಯಾಸವೇನೂ ಅವನಿಗಿರಲಿಲ್ಲ. ಮೂರೂವರೆಗೆ ಕೊನೆಯ ಮೊಳೆ ಹೊಡೆದ. ನಾಲ್ಕಕ್ಕೆ ಪಾಠ.

ರವಿಕಿರಣ ಹೊಸ ನೆಲದ ಮೇಲೆ ನಿಂತು ತಲೆ ಬಾಚಿಕೊಳ್ಳುವಾಗ ಪಕ್ಕದ ಮನೆಯ ದುರುಗಕ್ಕ ಬಂದಳು.

“ರವಿ, ನನ್ನ ಕೆಂಪು ಕೋಳಿ ಕಂಡ್ಯೇನಪ್ಪಾ? ಎಲ್ಲೋ ಕಾವಿಗೆ ಕೂತೈತೆ. ದಿನಾ ಮಧ್ಯಾಹ್ನ ಕಾಳಿಗೆ ಬರೋದು, ಇವತ್ತು ಪತ್ತೇನೇ ಇಲ್ಲ.”

“ಇಲ್ಲಿ ಯಾವ ಕೋಳಿನೂ ಇಲ್ಲ, ಹೋಗಕ್ಕ.”

“ಕೊಕ್,” ಎಂದಿತು ನೆಲ.

“ಅಯ್ಯಯ್ಯೋ! ಜೀವಂತ ಹೂಳಿಬಿಟ್ರಲ್ರೋ! ಲೇ ಜುಂಜ, ಕೀಳೋ ಹಲಗೇನ!”

ಬಡಿಯಲು ಇಪ್ಪತ್ತು ದಿನ ತೆಗೆದುಕೊಂಡ ಜುಂಜಪ್ಪ ಕೀಳಲು ಇಪ್ಪತ್ತು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಯಾವ ಹಲಗೆಯ ಕೆಳಗೆಂದು ತಿಳಿಯದೆ ಎಲ್ಲವನ್ನೂ ಕಿತ್ತ. ಮೂಲೆಯ ಖಾನೆಯಲ್ಲಿ, ಮೆತ್ತನೆಯ ಹೊಟ್ಟಿನ ಮೇಲೆ, ಕೋಳಿ ಮಹಾರಾಣಿಯ ಹಾಗೆ ಕೂತಿತ್ತು. ಅಡಿಯಲ್ಲಿ ಹನ್ನೊಂದು ಮೊಟ್ಟೆ.

“ಎತ್ಕೊಂಡು ಹೋಗಕ್ಕ, ಕೈ ಮುಗೀತೀನಿ!”

“ಕಾವಿಗೆ ಕೂತಿದ್ದನ್ನ ಎಬ್ಬಿಸ್ತಾರೇನೋ? ನಿನ್ ಪಾಠ ನೀನು ಮಾಡ್ಕೋ. ನಾನೇನ್ ಬಾಯಿ ಬಿಡ್ತೀನಾ?”

ರವಿಕಿರಣ ಎರಡು ತೊಲೆಗಳ ಮೇಲೆ ಒಂದೊಂದು ಕಾಲಿಟ್ಟು ನಿಂತ. ಪರದೆಯಲ್ಲಿ ಕಂಪನಿಯ ತೇಜಶ್ರೀ ಮೇಡಂ ಮತ್ತು ಮೂರನೇ ಕ್ಲಾಸಿನ ಹತ್ತು ಮಕ್ಕಳು. “ಗುಣಾಕಾರವೆಂದರೆ ಪುನರಾವರ್ತಿತ ಸಂಕಲನ,” ಎಂದು ಶುರು ಮಾಡಿದ. ಅದನ್ನೇ ಇನ್ನೊಮ್ಮೆ ಹೇಳುವಷ್ಟರಲ್ಲಿ ಒಬ್ಬ ಆಕಳಿಸಿದ, ಒಬ್ಬಳು ಎದ್ದೇ ಹೋದಳು.

ಬಾಯಿ ಬಿಡದ ದುರುಗಕ್ಕ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. “ಏ ಮಕ್ಳಾ, ಇಲ್ನೋಡ್ರಿ. ಈ ಕೋಳಿ ಕೆಳಗೆ ಹನ್ನೊಂದು ಮೊಟ್ಟೆ. ಇಂಥ ಗೂಡು ಇಲ್ಲಿ ನಾಕೈತೆ. ನಾಕರಲ್ಲೂ ಹಿಂಗೇ ಒಂದೊಂದು ಕೋಳಿ ಕೂರಿಸಿದ್ರೆ ಎಷ್ಟು ಮೊಟ್ಟೆ ಆತು?”

“ನಲವತ್ನಾಲ್ಕು!” ಮಕ್ಕಳು ಕಿರುಚಿದವು. ಎದ್ದು ಹೋದವಳೂ ಓಡಿ ಬಂದಿದ್ದಳು.

“ಬೆಕ್ಕು ಬಂದು ಎರಡು ಗೂಡು ಖಾಲಿ ಮಾಡ್ತು. ಈಗ?”

ಹೀಗೆ ಅರ್ಧ ಗಂಟೆ. ತೊಲೆಯ ಮೇಲೇ ನಿಂತಿದ್ದ ರವಿಕಿರಣನಿಗೆ, ಸಿಗಲಿದ್ದ ಒಂದು ಕೆಲಸವೂ ಕೋಳಿಯ ಪಾಲಾಯಿತೆಂದು ಅಳುವೇ ಬಂತು.

ಐದಕ್ಕೆ ತೇಜಶ್ರೀ ಮೇಡಂ ಫೋನ್ ಮಾಡಿದರು. “ಪಾಠ ತುಂಬಾ ಚೆನ್ನಾಗಿತ್ತು. ಸೆಲೆಕ್ಟ್ ಮಾಡಿದ್ದೀವಿ. ಸೋಮವಾರದಿಂದ ಕ್ಲಾಸ್.”

“ಅವ್ವಾ, ಕೆಲಸ ಸಿಕ್ತು!” ರವಿಕಿರಣ ಕೂಗಿದ. ಚಿನ್ನಕ್ಕ ಸಕ್ಕರೆ ಡಬ್ಬಿ ತರಲು ಓಡಿದಳು. “ಮೇಡಂ, ನಾನು ಸೋಮವಾರ ಎಷ್ಟು ಗಂಟೆಗೆ...”

“ನೀವಲ್ಲ ಸರ್. ಆ ಟೀಚರಮ್ಮನಿಗೆ ಸ್ವಲ್ಪ ಫೋನ್ ಕೊಡಿ.”

ಫೋನು ದುರುಗಕ್ಕನ ಕಿವಿಗೆ ಹೋಯಿತು. “ಹೂಂ... ಹೂಂ... ಆತು ತಗಳ್ರಿ, ಹೇಳಿಕೊಡ್ತೀನಿ. ಜಾಗಾನಾ? ಇದೇ ಆಫೀಸಲ್ಲಿ ಕೂತ್ಕೋತೀನಿ ಬಿಡ್ರಿ. ಪಾಪ, ಈ ಹುಡುಗನಿಗೆ ಹೆಂಗೂ ಕೆಲಸ ಇಲ್ಲ.”