ಸೋಪಿನ ಡಬ್ಬಿಯಿಂದ ಸಂದೇಶ

"ಭಾನುವಾರ ಬೆಳಗ್ಗೆ ಹತ್ತಕ್ಕೆ ನನ್ನ ಕೈಯಾರೆ ಕಟ್ಟಿದ ರೇಡಿಯೊ ಮಾತಾಡುತ್ತೆ. ನಿನ್ನ ತಮ್ಮ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿರಲಿ" ಎಂದು ಭೌತಶಾಸ್ತ್ರದ ಮೇಷ್ಟ್ರು ಹೆಂಡತಿಯೆದುರು ಘೋಷಿಸಿದರು. ಇಪ್ಪತ್ತೆರಡು ವರ್ಷ ಪಾಠ ಹೇಳಿ ಪಳಗಿದ ಗಂಟಲು ಅದು. ಉಪ್ಪು ಕೇಳಿದರೂ ಘೋಷಣೆಯಂತೆಯೇ ಇರುತ್ತಿತ್ತು.

ಈ ಘನಕಾರ್ಯಕ್ಕೆ ಊಟದ ಮೇಜು ಮೂರು ತಿಂಗಳಿಂದ ಬಲಿಯಾಗಿತ್ತು. ಅದರ ಮೇಲೆ ಬೆಸುಗೆ ಕಡ್ಡಿ, ತಂತಿಯ ಸಿಂಬಿ, ನಟ್ಟನಡುವೆ ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿಯಲ್ಲಿ ವಿರಾಜಮಾನವಾದ ಟ್ರಾನ್ಸ್‌ಮಿಟರ್. ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದಳು. ಮೇಷ್ಟ್ರು ನಿಂತೇ ಉಣ್ಣುತ್ತಿದ್ದರು. ವಿಜ್ಞಾನಿಗೆ ಕೂರಲು ಪುರುಸೊತ್ತೆಲ್ಲಿ!

"ಕರಾರು ನೆನಪಿದೆಯಲ್ಲ?" ಎಂದಳು ಆಕೆ. "ಡಬ್ಬಿಯಿಂದ ನೀವು ಕಳಿಸಿದ ಒಂದು ಮಾತನ್ನಾದ್ರೂ ನನ್ನ ತಮ್ಮ ಓದಿದ್ರೆ ಮೇಜು ನಿಮ್ಮದು. ಇಲ್ಲಾಂದ್ರೆ ಅವತ್ತೇ ಖಾಲಿ."

ಆಕೆಯ ತಮ್ಮ ಪಕ್ಕದ ಊರಿನ ಹವ್ಯಾಸಿ ರೇಡಿಯೊ ನಿಪುಣ. ಅಂಚೆ ಕಚೇರಿಯಲ್ಲಿ ಟೆಲಿಗ್ರಾಂ ಕಳಿಸುತ್ತಿದ್ದ ತಂತಿ ಮಾಸ್ತರರ ಮಗ. ಚುಕ್ಕಿ-ಗೆರೆಗಳ ಮೋರ್ಸ್ ಅಕ್ಷರಗಳನ್ನು ತೊಟ್ಟಿಲಲ್ಲೇ ಕಲಿತವನು. "ಭಾವ, ಅಂಗಡೀದೇ ಒಂದು ತಗೊಂಡುಬಿಡಿ" ಎಂದು ಅವನು ಒಮ್ಮೆ ಅಂದದ್ದು ಮೇಷ್ಟ್ರ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು.

ಭಾನುವಾರ ಬಂತು. ಮೇಷ್ಟ್ರು ಡಬ್ಬಿಗೆ ಜೀವ ಕೊಟ್ಟರು. ಪಕ್ಕದ ರಿಸೀವರ್ "ಕುಂಯ್" ಎಂದಿತು. ಹೆಂಡತಿ ಡಬ್ಬಿಯ ಹಿಂದಿದ್ದ ಉಪ್ಪಿನ ಭರಣಿಗೆಂದು ಕೈ ಚಾಚಿದಳು. ಸ್ವರ ತಟ್ಟನೆ ಇಳಿಯಿತು.

"ಕೈ ತರಬೇಡ! ಆವರ್ತನ ಜಾರುತ್ತೆ."

"ಜಾರಿದ್ರೆ ಏನಾಗುತ್ತೆ?"

ಪಾಠ ಕೇಳುವವರು ಸಿಕ್ಕರೆ ಮೇಷ್ಟ್ರು ಬಿಟ್ಟಾರೆಯೇ? "ಜಾರಿಸೋದೇ ಇಲ್ಲಿನ ವಿದ್ಯೆ. ಸ್ವರ ಒಂದೇ ಸಮ ಹೋಗ್ತಿರುತ್ತೆ. ಸ್ವಲ್ಪ ಮೇಲೇರಿಸಿದ್ರೆ ಗುರುತು, ಕೆಳಗಿಳಿಸಿದ್ರೆ ಬಿಡುವು. ಗುರುತು ಉದ್ದ ಇದ್ರೆ ಗೆರೆ, ಗಿಡ್ಡ ಇದ್ರೆ ಚುಕ್ಕಿ. ನಿನ್ನ ತಮ್ಮನ ಪರದೆ ಮೇಲೆ ಎಲ್ಲ ಕಾಣುತ್ತೆ. ಇಲ್ಲಿ ಈ ತಂತಿಯ ಮೂಲಕ ಕಂಪ್ಯೂಟರು ತಾನೇ ಜಾರಿಸುತ್ತೆ. ಕೈ ಹಾಗಿರಲಿ, ಲೋಹದ ಮುಚ್ಚಳ ಹತ್ರ ತಂದ್ರಂತೂ ಇನ್ನೂ ಇಳಿಯುತ್ತೆ. ದೂರ ಇರು."

"ಹಾಗೋ" ಎಂದು ಆಕೆ ಮುಗ್ಧವಾಗಿ ತಲೆಯಾಡಿಸಿದಳು.

"ಸ್ವಂತ ಪ್ರತಿಭೆಯ ಪ್ರಥಮ ಸಂದೇಶ" ಎಂಬ ಸಾಲನ್ನು ಕಂಪ್ಯೂಟರಿಗೆ ಒಪ್ಪಿಸಿ ಮೇಷ್ಟ್ರು ಗುಂಡಿ ಒತ್ತಿದರು. ಅದೇ ಗಳಿಗೆಗೆ ತಾರಸಿಯಲ್ಲಿ ಏರಿಯಲ್ ಕಟ್ಟಿದ್ದ ಕೋಲು ದಡಾರನೆ ಬಿತ್ತು. ಮೇಷ್ಟ್ರು ಎದ್ದುಬಿದ್ದು ಮೇಲೋಡಿದರು. ಕಟ್ಟಲು ಹಗ್ಗವಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು ಧ್ವಜಸ್ತಂಭವಾಗಿ ನಿಂತುಬಿಟ್ಟರು. ನಲವತ್ತು ನಿಮಿಷ ಬಿಸಿಲು ನೆತ್ತಿ ಸುಟ್ಟಿತು, ತೋಳು ಸೋತು ಸುಣ್ಣವಾಯಿತು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕಲು ಬಂದವಳು, ಇವರನ್ನು ನೋಡಿ ಬಟ್ಟೆಯ ಸಮೇತ ವಾಪಸ್ಸಾದಳು.

ಕೊನೆಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮೇಷ್ಟ್ರು ಅದನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡರು.

"ಭಾವ, ಸಿಗ್ನಲ್ ಸೊಗಸಾಗಿ ಬಂತು. ಒಂದಕ್ಷರವೂ ತಪ್ಪಿಲ್ಲ."

ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು. ಕೋಲು ಕೈಬಿಟ್ಟು, ಒಂದೊಂದು ಸಲಕ್ಕೆ ಮೂರು ಮೆಟ್ಟಿಲು ಹಾರುತ್ತಾ ಕೆಳಗಿಳಿದರು. "ಮೇಜು ನನ್ನದು! ಕೇಳು, ನಿನ್ನ ತಮ್ಮನ ಬಾಯಿಂದಲೇ ಕೇಳು" ಎಂದು ಫೋನಿನ ಸ್ಪೀಕರ್ ಹಾಕಿದರು. "ಓದಪ್ಪ, ಗಟ್ಟಿಯಾಗಿ ಓದು."

ತಮ್ಮ ಓದಿದ: "'ಊಟಕ್ಕೆ ಬಾ. ಮೇಜು ಖಾಲಿ ಆಗುತ್ತೆ. ಇವರ ತಂತಿ ಒಂದು ಬಿಚ್ಚಿಕೊಂಡಿದೆ, ಹೇಳಬೇಡ.' ಅಯ್ಯೋ, ಹೇಳಬೇಡ ಅಂತಿತ್ತಲ್ಲ."

ಮೇಷ್ಟ್ರು ಡಬ್ಬಿಯನ್ನು ನೋಡಿದರು. ಕಂಪ್ಯೂಟರಿನಿಂದ ಬಂದ ತಂತಿ ಬೆಸುಗೆ ಬಿಟ್ಟು ಮೇಜಿನ ಮೇಲೆ ಹಾಯಾಗಿ ಮಲಗಿತ್ತು. ಪಕ್ಕದಲ್ಲೇ ಪಾತ್ರೆಯ ಸ್ಟೀಲ್ ಮುಚ್ಚಳ. ಹೆಂಡತಿಯ ಕೈ ಇನ್ನೂ ಅದರ ಹಿಡಿಯ ಮೇಲಿತ್ತು.

"ನೀನು... ನಿನಗೆ ಮೋರ್ಸ್ ಬರುತ್ತಾ?"

"ನಾನೂ ತಂತಿ ಮಾಸ್ತರರ ಮಗಳೇ. ರೇಡಿಯೊ ಲೈಸೆನ್ಸೂ ಇದೆ, ಮದುವೆಗೆ ಮುಂಚಿನದು. ನೀವು ಪಾಠ ಹೇಳ್ತಾನೇ ಇದ್ರಿ, ಕೇಳಲೇ ಇಲ್ಲ."

ಮೇಷ್ಟ್ರು ನಾಚಿಕೆಯಿಂದ ತಲೆ ತಗ್ಗಿಸಿ ಬೆಸುಗೆ ಕಡ್ಡಿ ಎತ್ತಿಟ್ಟರು, ಸಿಂಬಿ ಎತ್ತಿಟ್ಟರು, ಡಬ್ಬಿಗೆ ಕೈ ಹಾಕಿದರು.

"ಅದು ಅಲ್ಲೇ ಇರಲಿ. ಮುಂದಿನ ಭಾನುವಾರ ತಮ್ಮನ ಹತ್ರ ಮಾತಾಡೋದಿದೆ" ಎಂದಳು ಹೆಂಡತಿ, ತಟ್ಟೆಗಳನ್ನು ಜೋಡಿಸುತ್ತಾ. "ಹತ್ತಕ್ಕೆ ಸರಿಯಾಗಿ ತಾರಸಿಗೆ ಹೋಗಿ ಕೋಲು ಹಿಡ್ಕೊಳ್ಳಿ. ಅದನ್ನ ಮಾತ್ರ ನೀವು ಚೆನ್ನಾಗಿ ಮಾಡ್ತೀರಿ."